ಬುದ್ಧಿ ಹೇಳೋದು ಬಿಟ್ಟು ಕೇಳಿಸಿಕೊಂಡೆ

ಮೂರನೇ ಕೊಳವೆಬಾವಿಯೂ ಒಣಗಿದ ಮೇಲೆ ನನ್ನ ತಮ್ಮ ಮಾತೇ ಬಿಟ್ಟ. "ಧೈರ್ಯ ತಗೋ, ಎಲ್ಲರಿಗೂ ಆಗೋದೇ" ಅಂತ ದಿನಾ ಹೇಳಿದೆ. ಹೇಳಿದಷ್ಟೂ ದೂರ ಸರಿದ. ಆಗ ನಮ್ಮೂರ ಮೇಷ್ಟ್ರು ಅಮೆರಿಕದ ಮನೋಚಿಕಿತ್ಸಕ ಕಾರ್ಲ್ ರೋಜರ್ಸ್ (1902–1987) ವಿಚಾರ ಹೇಳಿದರು.

ರೋಜರ್ಸ್ ಹೊಲಮನೆಯಲ್ಲಿ ಬೆಳೆದವರು. 1919ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದ್ದೇ ಕೃಷಿ ಓದಲು. ಆಮೇಲೆ ಮನಶ್ಶಾಸ್ತ್ರಕ್ಕೆ ಹೊರಳಿ, ರೋಚೆಸ್ಟರ್ ಊರಲ್ಲಿ 12 ವರ್ಷ ಮಕ್ಕಳ ಸಮಸ್ಯೆ ನೋಡಿದರು. ಅಲ್ಲಿ ಹೇಳಿದ ಮಾತು ಕೇಳದ ಒಬ್ಬ ಹುಡುಗನ ತಾಯಿಗೆ ಆಕೆಯ ತಪ್ಪನ್ನು ಎಷ್ಟು ತಿಳಿಸಿದರೂ ನಾಟಲಿಲ್ಲ. ಇಬ್ಬರೂ ಸಾಕೆಂದು ಎದ್ದರು. ಬಾಗಿಲ ಹತ್ತಿರ ಆಕೆ ತಿರುಗಿ, ದೊಡ್ಡವರನ್ನೂ ಇಲ್ಲಿ ನೋಡುತ್ತೀರಾ ಅಂತ ಕೇಳಿದಳು. ಕೂತು ಸಂಸಾರದ ಕಷ್ಟವನ್ನೆಲ್ಲ ತೋಡಿಕೊಂಡಳು. ರೋಜರ್ಸ್ ಕೇಳಿಸಿಕೊಂಡರು. ಮುಂದೆ ತಾಯಿಗೂ ಮಗನಿಗೂ ಗುಣ ಕಂಡಿತು.

ನೋವು ಎಲ್ಲಿದೆಯೆಂದು ನೊಂದವನಿಗೇ ಗೊತ್ತು ಅನ್ನೋದು ಅವರು ಕಲಿತ ಪಾಠ. ತೀರ್ಪು ಕೊಡದೆ, ನಾಟಕ ಮಾಡದೆ, ಅವನ ಜಾಗದಲ್ಲಿ ನಿಂತು ಕೇಳುವುದೇ ಅವರ ಪದ್ಧತಿ. ನೆಲಮಾಳಿಗೆಯ ಆಲೂಗಡ್ಡೆ ಮೊಳಕೆ ಕಿಟಕಿಯ ಬೆಳಕಿನ ಕಡೆ ಬೆಳೆಯೋದನ್ನು ಹುಡುಗರಾಗಿದ್ದಾಗ ಕಂಡಿದ್ದರಂತೆ. ಮನುಷ್ಯನೂ ಹಾಗೇ ಅನ್ನುತ್ತಿದ್ದರು.

ಒಂದು ಸಂಜೆ ಬದುವಿನ ಮೇಲೆ ತಮ್ಮನ ಪಕ್ಕ ಸುಮ್ಮನೆ ಕೂತೆ. ಬಹಳ ಹೊತ್ತಾದ ಮೇಲೆ, "ಅಣ್ಣಾ, ರಾತ್ರಿ ನಿದ್ದೆ ಇಲ್ಲ. ಸಾಯಬೇಕು ಅನ್ನಿಸ್ತದೆ" ಅಂದ. ಇದಕ್ಕೆ ನನ್ನೊಬ್ಬನ ಕಿವಿ ಸಾಲದು ಅಂತ ಆಗಲೇ 14416ಕ್ಕೆ ಫೋನ್ ಹಚ್ಚಿದೆವು. ಇದು 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮನಸ್. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ನಿಮ್ಮ ಮನೇಲೂ ಯಾರಾದರೂ ಮಾತು ಬಿಟ್ಟಿದ್ದರೆ ಮೊದಲು ಪಕ್ಕದಲ್ಲಿ ಕೂರಿ.