ಸೀಸೆಯೊಳಗಿನ ಒಂದು ಕಣ

ಕಮಲಾಪುರವೆಂದೊಡನೆ ನೆನಪಾಗುವುದು ಅಲ್ಲಿಯ ಕೆಂಪು ಬಾಳೆ. ಆ ಊರಿನ ನಮ್ಮ ಚಿಗವ್ವನನ್ನು ಒಂದು ಬೇಸಗೆಯ ರಾತ್ರಿ ವಾಂತಿಭೇದಿಯ ದೆಸೆಯಿಂದ ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಕರೆತರಬೇಕಾಯಿತು. ಕಣ್ಣು ಗುಳಿಬಿದ್ದಿತ್ತು, ನಾಡಿ ಕೈಗೆ ಸಿಗದಂತಾಗಿತ್ತು. ಕೂಡಲೇ ಸಲೈನು ಹಚ್ಚಬೇಕೆಂದರು ವೈದ್ಯರು.

ಕಿರಿಯ ವಯಸ್ಸಿನ ದಾದಿಯೊಬ್ಬಳು ಸೀಸೆಯನ್ನು ತಂದಳು, ಆದರೆ ಹಚ್ಚಲಿಲ್ಲ. ದೀಪದೆದುರು ಎತ್ತಿ ಹಿಡಿದು, ಮೆಲ್ಲನೆ ತಿರುಗಿಸಿ ದಿಟ್ಟಿಸಿದಳು. ಬಳಿಕ ಅದನ್ನು ಬದಿಗಿಟ್ಟು, ಅದರ ಮೇಲಿನ ತಯಾರಿಕೆಯ ಸಂಖ್ಯೆಯನ್ನು ಬರೆದುಕೊಂಡಳು. ನನ್ನ ತಾಳ್ಮೆ ತಪ್ಪಿತು.

"ಜೀವ ಹೋಗೋ ಹೊತ್ತಿನ್ಯಾಗ ಇದೇನ್ ನೋಡ್ಕೋತ ನಿಂತೀರಿ ಸಿಸ್ಟರ್?"

"ಒಳಗ ಏನೋ ತೇಲಾಡ್ಲಿಕತ್ತದ್ರಿ. ಇದು ಹೊಟ್ಟಿಗಿ ಹೋಗೋದಲ್ರಿ, ರಗತಕ್ಕ ಹೋಗೋದು" ಎಂದು ಬೇರೊಂದು ಸೀಸೆ ತರಲು ಓಡಿದಳು.

ಆ ಮಾತಿನ ತೂಕ ನನಗೆ ತಿಳಿದದ್ದು ತರುವಾಯ ಓದಿದಾಗ. ಹೊಟ್ಟೆಗೆ ಸೇರಿದ ಕಸವನ್ನು ಹೊರದೂಡುವ ದಾರಿ ದೇಹಕ್ಕುಂಟು. ತೋಳಿನ ಸಿರೆಯನ್ನು ಹೊಕ್ಕ ಕಣವಾದರೋ ಹೃದಯವನ್ನು ಹಾಯ್ದು ಶ್ವಾಸಕೋಶದ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆ ನಾಳಗಳ ಅಗಲ ಹತ್ತು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ಕಣದ ಮೂಲಗಳಾದರೂ ಎಷ್ಟು! ಗಾಜಿನ ಚಕ್ಕೆ, ಸೂಜಿ ಚುಚ್ಚಿದಾಗ ಕಿತ್ತುಬಂದ ರಬ್ಬರು ಬಿರಡೆಯ ಚೂರು, ಬಟ್ಟೆಯ ಎಳೆ, ಪ್ಲಾಸ್ಟಿಕ್ಕಿನ ತುಣುಕು. ಆಸ್ಟ್ರೇಲಿಯದ ಗಾರ್ವನ್ ಮತ್ತು ಗನ್ನರ್ ಎಂಬವರು ಮೊಲಗಳಿಗೆ ಇಂತಹ ದ್ರವವನ್ನಿತ್ತು, ಅವುಗಳ ಶ್ವಾಸಕೋಶದಲ್ಲಿ ಕಣಗಳ ಸುತ್ತ ಗಂಟುಗಳು ಕಟ್ಟಿದುದನ್ನು 1964ರಲ್ಲಿ ತೋರಿಸಿಕೊಟ್ಟರು.

ಅಮೆರಿಕದ ಔಷಧಸಂಹಿತೆಯ ಎಣಿಕೆಯಲ್ಲಿ, ದೊಡ್ಡ ಸೀಸೆಯ ದ್ರವದ ಪ್ರತಿ ಮಿಲಿಲೀಟರಿನಲ್ಲಿ 10 ಮೈಕ್ರಾನ್ ಹಾಗೂ ಅದಕ್ಕೂ ದೊಡ್ಡ ಕಣಗಳು 25ನ್ನೂ, 25 ಮೈಕ್ರಾನ್ ಹಾಗೂ ಅದಕ್ಕೂ ದೊಡ್ಡವು 3ನ್ನೂ ಮೀರಲಾಗದು. ಬರಿಗಣ್ಣಿಗೆ ಕಾಣುವುದು ಸುಮಾರು 50 ಮೈಕ್ರಾನಿನ ಮೇಲ್ಪಟ್ಟವು ಮಾತ್ರ. ತಿಳಿಯಾಗಿ ಕಂಡುದೆಲ್ಲ ಶುದ್ಧವೆಂದು ಹೇಳುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಸಂಶಯ ಬಿದ್ದುದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಕಾಣದುದನ್ನು ಹಿಡಿಯುವ ಹೊಣೆ ಕಾರ್ಖಾನೆಯದು, ಪ್ರಯೋಗಶಾಲೆಯದು. ಆದರೆ ಕಾಣುವುದನ್ನು ಕಾಣಬೇಕಾದವರು ಹಾಸಿಗೆಯ ಬಳಿ ನಿಂತವರೇ. ಅವರ ಕಣ್ಣೇ ಕೊನೆಯ ಜರಡಿ.

ಮೂರನೆಯ ದಿನ ಚಿಗವ್ವ ಎದ್ದು ಕುಳಿತಳು. ವಾರ ಕಳೆದು ನಾನು ಕಮಲಾಪುರಕ್ಕೆ ಹೋದಾಗ ಕೆಂಪು ಬಾಳೆಯ ಒಂದು ಚಿಪ್ಪನ್ನು ಕೈಗಿತ್ತು, "ಆ ಪೋರಿಗಿ ಕೊಡು. ನೀ ಅಂದಿದ್ದು ನನಗ ಕೇಳಿಸೇದ" ಎಂದಳು.

ಹಣ್ಣನ್ನು ಕೊಟ್ಟೆ, ತಪ್ಪಾಯಿತೆಂದೆ. ದಾದಿ ನಕ್ಕಳು. ಅವಳ ಇನ್ನೊಂದು ಕೈಯಲ್ಲಿದ್ದ ಸೀಸೆ ಆಗಲೂ ಬೆಳಕಿಗೆದುರಾಗಿತ್ತು.