ಮೋತಿಬಿಂದು: ಉಚಿತ ಶಸ್ತ್ರಚಿಕಿತ್ಸೆಗೂ ಖರ್ಚಿದೆ

ನಮ್ಮ ಮನೆಯಲ್ಲಿ ಮೋತಿಯಾ ಅನ್ನುತ್ತೇವೆ, ಊರಲ್ಲಿ ಮೋತಿಬಿಂದು, ಪುಸ್ತಕದಲ್ಲಿ ಕಣ್ಣಿನ ಪೊರೆ. ಮೂರೂ ಒಂದೇ. ಕಣ್ಣಿನ ಮೇಲೆ ಏನೋ ಬೆಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಕಣ್ಣಿನೊಳಗಿನ ಮಸೂರವೇ ವಯಸ್ಸಾದಂತೆ ಮಸುಕಾಗುತ್ತದೆ. ಯಾವ ಹನಿ ಹಾಕಿದರೂ ಅದು ತಿಳಿಯಾಗುವುದಿಲ್ಲ. ಅದನ್ನು ತೆಗೆದು ಬೇರೆ ಮಸೂರ ಕೂರಿಸಬೇಕು.

ಈ ಚಿಕಿತ್ಸೆಯನ್ನು ಬಡವರ ಊರಿಗೇ ಒಯ್ದ ಡಾ. ಎಂ. ಸಿ. ಮೋದಿ ನಮ್ಮ ಭಾಗದವರೇ. ಅವರು ಹುಟ್ಟಿದ ಬೀಳಗಿ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. 1943ರಿಂದ ಊರೂರು ತಿರುಗಿ ಶಿಬಿರ ನಡೆಸಿದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿದೆ. 1993ರ ಹೊತ್ತಿಗೆ ಒಟ್ಟು ಲೆಕ್ಕ 6 ಲಕ್ಷ ದಾಟಿತ್ತು! ಆದರೆ ಹಿಂದಿನ ಶಿಬಿರಗಳಲ್ಲಿ ಮಸೂರ ತೆಗೆಯುತ್ತಿದ್ದರು, ಬೇರೆ ಕೂರಿಸುತ್ತಿರಲಿಲ್ಲ. ಹಳೆಯ ಫೋಟೊಗಳಲ್ಲಿ ಅಜ್ಜಂದಿರಿಗೆ ಅಷ್ಟು ದಪ್ಪ ಗಾಜಿನ ಕನ್ನಡಕ ಇರುವುದು ಅದಕ್ಕೇ.

ಒಳಗೆ ಕೂರಿಸುವ ಮಸೂರ ವಿದೇಶದ್ದು, ದುಬಾರಿ. 1992ರಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಕಟ್ಟಿ ಇಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ನೇಪಾಳದಲ್ಲಿ ಡಾ. ಸಂಡುಕ್ ರೂಯಿಟ್ ಅವರ ತಿಲಗಂಗಾ ಸಂಸ್ಥೆಯೂ ಹೀಗೇ ಮಾಡಿತು. ಅಲ್ಲಿ ರಸ್ತೆಯಿಲ್ಲದ ಬೆಟ್ಟದ ಊರುಗಳಿಗೆ ವೈದ್ಯರು ಸಾಮಾನು ಹೊರಿಸಿಕೊಂಡು ನಡೆದು ಹೋಗುತ್ತಾರೆ. ಕಣ್ಣು ಕಾಣದವರನ್ನು ಮನೆಯವರು ಬೆನ್ನ ಮೇಲೆ ಹೊತ್ತು ತರುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೆಟ್ಟವಿಲ್ಲ, ಬಸ್ಸಿದೆ. ಆದರೂ ಶಿಬಿರದಲ್ಲಿ ಹೆಸರು ಬರೆಸಿ ಆಮೇಲೆ ಹೋಗದೆ ಉಳಿಯುವವರಿದ್ದಾರೆ. ನಮ್ಮ ನಾನಿ ಅವರಲ್ಲಿ ಒಬ್ಬರು. ಈಗ ಊರಲ್ಲಿ ನಡೆಯುವುದು ತಪಾಸಣೆ ಮಾತ್ರ. ಸೋಂಕು ತಗಲಬಾರದೆಂದು ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ಮಾಡುತ್ತಾರೆ. ಅಂದರೆ ಜೊತೆಗೊಬ್ಬರು ಬೇಕು. ಮಾಮು ಹೋದರೆ ಅವರ ಕೂಲಿ ಹೋಯಿತು, ಮತ್ತೆ ತೋರಿಸಲು ಹೋದಾಗ ಇನ್ನೊಂದು ದಿನದ್ದು. ಅರ್ಥಶಾಸ್ತ್ರದಲ್ಲಿ ನಾವು ಬಾಯಿಪಾಠ ಮಾಡುವ ಅವಕಾಶ ವೆಚ್ಚ ಇದೇ. ಆಸ್ಪತ್ರೆಯ ಬಿಲ್ಲಿನಲ್ಲಿ ಸೊನ್ನೆ ಇದ್ದರೂ ಮನೆಯ ಲೆಕ್ಕದಲ್ಲಿ ಸೊನ್ನೆಯಲ್ಲ. ಜಕಾತ್, ಸದಕಾ ಕೊಡುವವರು ಔಷಧಿಯ ಜೊತೆಗೆ ಈ ಕೂಲಿಯನ್ನೂ ಲೆಕ್ಕಕ್ಕೆ ಹಿಡಿದರೆ ಒಳ್ಳೆಯದು ಅನ್ನಿಸುತ್ತದೆ.

ನಾನಿ ಮಾತ್ರ ಕೂಲಿಯ ವಿಷಯ ಎತ್ತುವುದಿಲ್ಲ, "ಇನ್ನೂ ಹಣ್ಣಾಗಿಲ್ಲ" ಅನ್ನುತ್ತಾರೆ. ಪೊರೆ ಹಣ್ಣಾಗಲಿ ಎಂದು ಕಾಯುವುದು ಹಳೆಯ ಕಾಲದ ಮಾತು. ಈಗ ಕಾಯಬೇಕಿಲ್ಲ. ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ, ಮತ್ತೆ ಬಾರದಂತೆ ದೃಷ್ಟಿ ಹೋಗಲೂಬಹುದು. ಅವರ ಇನ್ನೊಂದು ಚಿಂತೆ ನಮಾಜಿನದು. ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ತಲೆ ಬಗ್ಗಿಸಬಾರದು, ಕಣ್ಣಿಗೆ ನೀರು ತಾಕಬಾರದು. ಸಜ್ದಾ, ವುಜೂ ಹೇಗೆ? ಕಾಯಿಲೆಯವರು ಕುಳಿತು ಸನ್ನೆಯಿಂದ ನಮಾಜ್ ಮಾಡಬಹುದು. ವುಜೂ ವಿಷಯವನ್ನು ಮೌಲಾನಾ ಅವರ ಹತ್ತಿರ ಮೊದಲೇ ಕೇಳಿಟ್ಟರೆ ಆಯಿತು.

ಜೊತೆಗೆ ಹೋಗುವವರಿಗೆ ಕಷ್ಟದ ಕೆಲಸವೇನಿಲ್ಲ. ಬಸ್ ಹತ್ತಿಸಬೇಕು, ಆಧಾರ್ ಕಾರ್ಡ್ ಇಟ್ಟುಕೊಳ್ಳಬೇಕು, ಹೇಳಿದ ಹೊತ್ತಿಗೆ ಹನಿ ಹಾಕಬೇಕು. ಕೂಲಿ ಕಳೆದುಕೊಳ್ಳದೆ ಇದನ್ನು ಮಾಡಬಲ್ಲವರು ಮನೆಯಲ್ಲಿ ಓದುವ ಮಕ್ಕಳೇ. ಮುಂದಿನ ಶಿಬಿರಕ್ಕೆ ನಾನಿಯ ಜೊತೆ ನಾನು ಹೋಗುತ್ತಿದ್ದೇನೆ. ಸರ್ ಹತ್ತಿರ ಎರಡು ದಿನದ ರಜೆ ಈಗಲೇ ಕೇಳಿದ್ದೇನೆ.