ಡಿ.ಎನ್.ಎ. ಮೇಲಣ ಗುರುತುಗಳೂ ಅವನ್ನು ಓದುವ ಸಾಧನಗಳೂ

ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕನು ಸೋಮನಾಥಪುರದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಹಲವು ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳ ಹೆಸರುಗಳುಂಟು. ಹೆಸರಿನಿಂದ ವಿಗ್ರಹದ ರೂಪವು ಬದಲಾಗದು. ಅದು ಯಾರ ಕೃತಿಯೆಂಬುದು ಮಾತ್ರ ತಿಳಿಯುವುದು. ಜೀವಕೋಶದ ಡಿ.ಎನ್.ಎ.ಯಲ್ಲಿಯೂ ಇಂಥ ಗುರುತುಗಳಿವೆ. ಅದರ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಲ್ಲಿ ಕೆಲವಕ್ಕೆ ಅಲ್ಲಲ್ಲಿ ಮೀಥೈಲ್ ಗುಂಪು ಸೇರುವುದು; ಅಕ್ಷರಗಳ ಕ್ರಮವು ಇದರಿಂದ ಕೆಡದು.

ಅನೇಕ ಬ್ಯಾಕ್ಟೀರಿಯಗಳು ಸ್ವಂತ ಡಿ.ಎನ್.ಎ.ಗೆ ಹೀಗೆ ಗುರುತು ಹಾಕಿ, ಗುರುತಿಲ್ಲದ ಪರಕೀಯ ಡಿ.ಎನ್.ಎ.ಯನ್ನು ಕಿಣ್ವಗಳಿಂದ ಕತ್ತರಿಸುವುವು. ಆ ಕಿಣ್ವಗಳೇ ಇಂದು ಪ್ರಯೋಗಶಾಲೆಯ ಸಾಧನಗಳಾಗಿವೆ. ಎಚ್‌ಪಿಎ-2, ಎಂಎಸ್‌ಪಿ-1 ಎಂಬೆರಡೂ ಸಿಸಿಜಿಜಿ ಎಂಬ ಸ್ಥಾನವನ್ನು ಕತ್ತರಿಸುವುವು. ಒಳಗಣ ಸಿ ಅಕ್ಷರಕ್ಕೆ ಮೀಥೈಲ್ ಸೇರಿದ್ದರೆ ಮೊದಲನೆಯದು ತಡೆಯಲ್ಪಡುವುದು, ಎರಡನೆಯದು ಕತ್ತರಿಸುವುದು. ಒಂದೇ ಮಾದರಿಯನ್ನು ಎರಡರಿಂದಲೂ ಪರೀಕ್ಷಿಸಿ ಹೋಲಿಸಿದರೆ ಗುರುತು ವ್ಯಕ್ತವಾಗುವುದು.

1992ರಲ್ಲಿ ಫ್ರಾಮರ್ ಮತ್ತು ಸಂಗಡಿಗರು ಪ್ರಕಟಿಸಿದ ಬೈಸಲ್ಫೈಟ್ ವಿಧಾನವು ಒಂದೊಂದು ಸಿ ಅಕ್ಷರವನ್ನೂ ಓದಿಸುವುದು. ಈ ರಾಸಾಯನಿಕವು ಗುರುತಿಲ್ಲದ ಸಿ ಅಕ್ಷರವನ್ನು ಯುರಾಸಿಲ್ ಆಗಿ ಮಾರ್ಪಡಿಸುವುದು. ಮೀಥೈಲ್ ಸೇರಿದ ಸಿ ಹಾಗೆಯೇ ಉಳಿಯುವುದು. ಕ್ರಿಯೆಯು ಅಪೂರ್ಣವಾದರೆ ಗುರುತಿಲ್ಲದೆಡೆಯಲ್ಲಿಯೂ ಗುರುತಿದೆಯೆಂಬ ಭ್ರಾಂತಿ ಉಂಟಾಗುವುದು. ಆದಕಾರಣ ಗುರುತಿಲ್ಲವೆಂದು ಮೊದಲೇ ತಿಳಿದಿರುವ ಡಿ.ಎನ್.ಎ.ಯನ್ನೂ ಜೊತೆಯಲ್ಲಿ ಪರೀಕ್ಷಿಸುವುದು ಅವಶ್ಯಕ.

ಪ್ರೋಟೀನು ಡಿ.ಎನ್.ಎ.ಯನ್ನು ಹಿಡಿಯುವುದೋ ಇಲ್ಲವೋ ಎಂಬುದನ್ನು ಜೆಲ್ಲಿನಲ್ಲಿ ವಿದ್ಯುತ್ತು ಹರಿಸಿ ತಿಳಿಯಬಹುದು: ಪ್ರೋಟೀನು ಹಿಡಿದ ತುಣುಕು ನಿಧಾನವಾಗಿ ಚಲಿಸುವುದು. ಆದರೆ ಇದು ಕೊಳವೆಯೊಳಗಣ ಸಂಗತಿ. ಜೀವಕೋಶದಲ್ಲಿಯೂ ಹಾಗೆಯೇ ನಡೆಯುವುದೆಂದು ಇದರಿಂದ ಸಿದ್ಧವಾಗದು. ಅದಕ್ಕಾಗಿ ಜೀವಂತ ಕೋಶದಲ್ಲಿಯೇ ಫಾರ್ಮಾಲ್ಡಿಹೈಡಿನಿಂದ ಎರಡನ್ನೂ ಬಂಧಿಸಿ, ಪ್ರತಿಕಾಯದ ಮೂಲಕ ಪ್ರೋಟೀನನ್ನು ಹೊರತೆಗೆದು, ಅದಕ್ಕಂಟಿದ ಡಿ.ಎನ್.ಎ.ಯನ್ನು ಓದುವರು.

ಸಾಧನದ ಸ್ವಭಾವವನ್ನು ಅರಿಯದೆ ಅದರ ಸಾಕ್ಷ್ಯವನ್ನು ನಂಬಲಾಗದೆಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಯು ನಿದರ್ಶನ. ಜಿಜಿಟಿಎಸಿಸಿ ಎಂಬ ಸ್ಥಾನಕ್ಕೆ ಸಲ್ಲುವ ಕೆಪಿಎನ್-1 ಕಿಣ್ವವು ಮೆಗ್ನೀಸಿಯಂ ಇದ್ದಾಗ ಅದನ್ನು ಹೋಲುವ ಅನ್ಯ ಸ್ಥಾನಗಳನ್ನೂ ಕತ್ತರಿಸುವುದೆಂದೂ, ಕ್ಯಾಲ್ಸಿಯಂ ಈ ದೋಷವನ್ನು ತಡೆಯುವುದೆಂದೂ ಅವರು 2004ರಲ್ಲಿ ಪ್ರಕಟಿಸಿದರು. ಕಿಣ್ವವೂ ಸ್ಥಾನವೂ ಅವೇ; ಲವಣವೊಂದು ಬದಲಾದುದರಿಂದ ಉತ್ತರವು ಬದಲಾಯಿತು. ಆದುದರಿಂದ ಪ್ರಯೋಗದ ಫಲವನ್ನು ಹೇಳುವವರು ಅದು ಯಾವ ಲವಣದಲ್ಲಿ, ಯಾವ ಹೋಲಿಕೆಯ ಮಾದರಿಯೊಡನೆ ದೊರೆತುದೆಂಬುದನ್ನೂ ಹೇಳತಕ್ಕದ್ದು.